ನವಲೂರಿನಲ್ಲಿ ಸಿಲ್ವಾಸಾ

ಕಮರುದ್ದೀನನ ಲೆಕ್ಕದಲ್ಲಿ ಭಾರತ ದೇಶದ ಉದ್ದ ಇಪ್ಪತ್ತು ಕಿಲೋಮೀಟರು. ಹುಬ್ಬಳ್ಳಿಯ ಹಳೇ ಬಸ್‌ಸ್ಟ್ಯಾಂಡಿನಲ್ಲಿ ಕಾಶ್ಮೀರ ಶುರುವಾಗಿ, ಧಾರವಾಡದ ಟೋಲ್ ನಾಕಾ ಬರುವಷ್ಟರಲ್ಲಿ ದೇಶ ಮುಗಿದುಹೋಗುತ್ತಿತ್ತು. ನಗಬೇಡಿ. ನಾವೆಲ್ಲ ಒಂದು ಸಲ ಗೋವಾಕ್ಕೆ ಹೋಗಿ ಬಂದು ವರ್ಷಗಟ್ಟಲೆ ಅದನ್ನೇ ಹೇಳಿಕೊಂಡು ತಿರುಗುವ ಜನ. ಈ ಮನುಷ್ಯ ಇಪ್ಪತ್ತೈದು ವರ್ಷ, ದಿನಕ್ಕೆ ಆರೇಳು ಸಲ, ತನ್ನ ದೇಶವನ್ನು ಆ ತುದಿಯಿಂದ ಈ ತುದಿಗೆ ಅಡ್ಡಾಡಿದವನು.

ಬಸ್ಸಿನೊಳಗೆ ನಕಾಶೆ ಮತ್ತು ಸಾಮಾನ್ಯ ಜ್ಞಾನದ ಪುಸ್ತಕ ಮಾರುವುದು ಅವನ ಕಸುಬು. ಹುಟ್ಟಿದ್ದು ಗರಗದಲ್ಲಿ. ಅಪ್ಪ ಅಲ್ಲಿ ಖಾದಿ ಮಗ್ಗದಲ್ಲಿ ಬಾವುಟದ ಬಟ್ಟೆ ನೇಯುತ್ತಿದ್ದ. ತಾನು ನೇಯ್ದದ್ದು ಯಾವ ಊರಿನ ಯಾವ ಕಟ್ಟಡದ ಮೇಲೆ ಹಾರುತ್ತದೆಂದು ಅಪ್ಪನಿಗೆ ಗೊತ್ತಿರಲಿಲ್ಲ, ತಿಳಿದುಕೊಳ್ಳುವ ಹುಕಿಯೂ ಇರಲಿಲ್ಲ. ಮಗನಿಗೆ ಆ ಹುಕಿ ಬೇಕಾದಷ್ಟಿತ್ತು. ಇಲ್ಲದ್ದು ಮಗ್ಗಕ್ಕೆ ಬೇಕಾದ ಎದೆ. ಹತ್ತಿಯ ಧೂಳು ಮೂಗಿಗೆ ಹೋಯಿತೆಂದರೆ ಅರ್ಧ ತಾಸಿನಲ್ಲಿ ದಮ್ಮು ಹತ್ತುತ್ತಿತ್ತು. ಹತ್ತನೆಯ ಇಯತ್ತೆ ಮುಗಿಸಿ ಹುಬ್ಬಳ್ಳಿಗೆ ಬಂದ, ಬಸ್ಸುಗಳಲ್ಲಿ ಬಾಚಣಿಗೆ ಮಾರಿದ, ಪೆನ್ನು ಮಾರಿದ, ಕೊನೆಗೆ ದುರ್ಗದ ಬೈಲಿನಲ್ಲಿ ಪುಸ್ತಕದ ಏಜಂಟನಾಗಿದ್ದ ಗುರುಶಿದ್ದಪ್ಪನ ಕೈಗೆ ಸಿಕ್ಕ. ಬಾಚಣಿಗೆ ಬೋಳುತಲೆಯವರಿಗೆ ಬೇಡ, ರಾಜಧಾನಿ ಎಲ್ಲರಿಗೂ ಬೇಕು ಎಂದು ಗುರುಶಿದ್ದಪ್ಪ ಒಂದು ಕಟ್ಟು ಪುಸ್ತಕ ಅವನ ತೋಳಿಗೆ ಏರಿಸಿದ.

ಪುಸ್ತಕವೆಂದರೆ ತೆಳ್ಳಗೆ ಮೂವತ್ತೆರಡು ಪುಟ. ರಾಜ್ಯಗಳು, ರಾಜಧಾನಿಗಳು, ಜಿಲ್ಲೆಗಳು, ನದಿಗಳು. ಅದನ್ನು ಓದಿ ಹೇಳಿದರೆ ಬಸ್ಸಿನಲ್ಲಿ ಯಾವನು ಕೇಳುತ್ತಾನೆ? ಕಮರುದ್ದೀನ ಅದಕ್ಕೊಂದು ಧಾಟಿ ಕಟ್ಟಿದ. ಎಡತೋಳಿನಲ್ಲಿ ಪುಸ್ತಕದ ಕಟ್ಟು, ಬಲಗೈಯ ಎರಡು ಬೆರಳಿನಿಂದ ಮೇಲಿನ ಪುಸ್ತಕದ ರಟ್ಟಿಗೆ ಟಕಟಕ ತಾಳ, ಬಾಯಲ್ಲಿ ರಾಜ್ಯ, ತಾಳ ಬೀಳುವಲ್ಲಿ ರಾಜಧಾನಿ. ಡ್ರೈವರ್ ಚಹಾ ಕುಡಿದು ಬರುವ ತನಕ ಶ್ರೀನಗರ. ಹೊಸೂರಿನಲ್ಲಿ ಶಿಮ್ಲಾ. ವಿದ್ಯಾನಗರದಲ್ಲಿ ಪಂಜಾಬ ಹರಿಯಾಣ ಎರಡಕ್ಕೂ ಸೇರಿ ಚಂಡೀಗಡ. ಅಲ್ಲಿ ನಿಂತು ಹೆಂಗಸರ ಸೀಟಿನ ಕಡೆ ತಿರುಗಿ, ಇಬ್ಬರು ವಾರಗಿತ್ತಿಯರಿಗೆ ಒಂದೇ ಅಡುಗೆಮನೆ, ಜಗಳ ಹೇಗೆ ಬಿಡುತ್ತದೆ ಹೇಳಿ ಎಂದು ಕೇಳುವನು, ಹೆಂಗಸರು ಸೆರಗು ಅಡ್ಡ ಹಿಡಿದು ನಗುವರು. ಉಣಕಲ್ ಕೆರೆಯ ಗಾಳಿ ಕಿಟಕಿಯಲ್ಲಿ ಬಂದಾಗ ಲಖನೌ, ಪಾಟ್ನಾ. ಭೈರಿದೇವರಕೊಪ್ಪದಲ್ಲಿ ಕೋಲ್ಕತಾ ಹಿಡಿದು ಆಚೆಯ ಗುಡ್ಡಗಾಡು ರಾಜ್ಯಗಳೆಲ್ಲ ಒಂದೇ ಉಸಿರಿನಲ್ಲಿ. ನವನಗರದಲ್ಲಿ ಮುಂಬೈ. ರಾಯಾಪುರ ಬಂದರಂತೂ ಅವನಿಗೆ ಹಬ್ಬ. ಛತ್ತೀಸಗಡದ ರಾಜಧಾನಿ ಬಂತು, ಇಳಿಯುವವರು ಇಳಿಯಿರಿ ಎಂದು ಕೂಗುತ್ತಿದ್ದ. ಖರೇ ಖರೇ ರಾಯಾಪುರದಲ್ಲಿ ಇಳಿಯುವವರು ಮುಖ ಸೊಟ್ಟ ಮಾಡಿಕೊಂಡು ಇಳಿಯುತ್ತಿದ್ದರು. ಸತ್ತೂರಿನಲ್ಲಿ ದಕ್ಷಿಣದ ರಾಜ್ಯಗಳು. ನವಲೂರಿನಲ್ಲಿ ಪೇರಲ ಹಣ್ಣಿನ ಬುಟ್ಟಿ ಹೊತ್ತ ಹೆಂಗಸರು ಹತ್ತುವ ಹೊತ್ತಿಗೆ ಕೇಂದ್ರಾಡಳಿತ ಪ್ರದೇಶಗಳು. ಅಲ್ಲಿ ಬ್ರೇಕ್ ಬೀಳುತ್ತಿತ್ತಲ್ಲ, ಆ ಬ್ರೇಕಿಗೆ ಸರಿಯಾಗಿ ಅವನು ದಾದ್ರಾ ನಗರ ಹವೇಲಿಗೆ ಬಂದಿರುತ್ತಿದ್ದ, ಬಸ್ಸು ಪೂರ್ತಿ ನಿಲ್ಲುವ ತನಕ "ಸಿಲ್ವಾಸಾ" ಎಂಬುದರ ಕೊನೆಯ "ಸಾ"ವನ್ನು ಎಳೆಯುತ್ತಿದ್ದ. ಟೋಲ್ ನಾಕಾದಲ್ಲಿ ಕರ್ನಾಟಕ, ಬೆಂಗಳೂರು. ಅಲ್ಲಿಗೆ ಪುಸ್ತಕ ಹಂಚುವುದೂ ಮುಗಿದು, ಜ್ಯುಬಿಲಿ ಸರ್ಕಲ್ಲಿನಲ್ಲಿ ಇಳಿದು, ಎದುರು ಬಸ್ಸು ಹಿಡಿಯುತ್ತಿದ್ದ.

ಜನ ಪ್ರಶ್ನೆ ಕೇಳುತ್ತಿದ್ದರು, ಅವನನ್ನು ಸಿಕ್ಕಿಸಲೆಂದೇ ಕೇಳುತ್ತಿದ್ದರು. ಹುಬ್ಬಳ್ಳಿ ಇಷ್ಟು ದೊಡ್ಡ ಊರಾದರೂ ಜಿಲ್ಲೆಯ ಕಚೇರಿ ಧಾರವಾಡದಲ್ಲಿ ಯಾಕೆ ಎಂದು ಒಬ್ಬ ವ್ಯಾಪಾರಿ ಕೇಳಿದ್ದಕ್ಕೆ, ಅಂಗಡಿ ಹುಬ್ಬಳ್ಳಿಯಲ್ಲಿ, ಸಹಿ ಧಾರವಾಡದಲ್ಲಿ ಎಂದುಬಿಟ್ಟ. ಬಸ್ಸಿನ ಎರಡೂ ಊರಿನವರಿಗೆ ಏಕಕಾಲಕ್ಕೆ ಸಿಟ್ಟೂ ಬಂತು, ಸಮಾಧಾನವೂ ಆಯಿತು. ಇನ್ನೊಬ್ಬ ಮಾಸ್ತರ, ಈ ರಾಜಧಾನಿಗಳನ್ನು ಉರುಹೊಡೆದು ಏನು ಲಾಭ, ಅವೇನು ಓಡಿಹೋಗುತ್ತವೆಯೇ ಎಂದು ಚೇಷ್ಟೆ ಮಾಡಿದಾಗ ಕಮರುದ್ದೀನ ಗಂಭೀರವಾಗಿಯೇ ಹೇಳಿದ್ದ.

"ಓಡಿ ಹೋಗ್ತಾವ್ರಿ ಸರ. ನಮ್ಮಜ್ಜ ಗರಗ ಬಿಟ್ಟು ಒಂದು ಹೆಜ್ಜಿ ಕದಲಲಿಲ್ಲ. ರಾಜಧಾನಿನ ಮುಂಬೈ ಬಿಟ್ಟು ಬೆಂಗಳೂರಿಗೆ ಹೋತು."

ಈ ಮಾತನ್ನು ನೆನಪಿಟ್ಟುಕೊಳ್ಳಿ. ಆಡಿದವನು ಮರೆತ.

ಅವನಿಗೆ ಒಬ್ಬಳೇ ಮಗಳು, ಬುಶ್ರಾ. ಸಾಲಿಗೆ ಸೂಟಿ ಬಿಟ್ಟಾಗಲೆಲ್ಲ ಅಬ್ಬಾನ ಬೆನ್ನು ಹತ್ತಿ ಬಸ್ಸಿಗೆ ಬರುತ್ತಿದ್ದಳು. ಕಂಡಕ್ಟರನ ಸೀಟಿನ ಹಿಂದೆ ಕೂತು, ತುಟಿ ಅಲ್ಲಾಡಿಸುತ್ತ, ತೊಡೆಯ ಮೇಲೆ ತಾಳ ಹಾಕುತ್ತ ದೇಶ ಮುಗಿಸುತ್ತಿದ್ದಳು. ಮೂರನೆಯ ಇಯತ್ತೆಯಲ್ಲಿದ್ದಾಗ ಸಾಲಿಯ ತಪಾಸಣೆಗೆ ಬಂದ ಸಾಹೇಬರು ಬಿಹಾರದ ರಾಜಧಾನಿ ಯಾವುದೆಂದು ಕೇಳಿದರಂತೆ. ಹುಡುಗಿ ಕಣ್ಣು ಮುಚ್ಚಿ, ಒಂದು ನಿಮಿಷ ಸುಮ್ಮನೆ ನಿಂತು, ಆಮೇಲೆ ಪಾಟ್ನಾ ಎಂದಳು. ಇಷ್ಟು ಹೊತ್ತು ಏನು ಮಾಡುತ್ತಿದ್ದೆ ಎಂದರೆ, ಬಸ್ಸು ಉಣಕಲ್ಲಿಗೆ ಬರಬೇಕಲ್ಲ ಎಂದಳಂತೆ. ಈ ಸುದ್ದಿ ಕೇಳಿ ಕಮರುದ್ದೀನನ ಕಾಲು ಎಂಟು ದಿನ ನೆಲಕ್ಕೆ ಹತ್ತಲಿಲ್ಲ. ಸಿಕ್ಕಸಿಕ್ಕವರಿಗೆ ಹೇಳಿದ. ಗುರುಶಿದ್ದಪ್ಪನಿಗೆ ಎರಡು ಸಲ ಹೇಳಿದ. ಮಗಳು ಏನೇ ಓದಲಿ, ಬಸ್ಸಿನ ಗುಂಟ ಓದುತ್ತಾಳೆ, ಅವಳಿಗೆ ಮರೆವು ಎಂಬುದೇ ಇಲ್ಲ ಎಂಬ ನಂಬಿಕೆ ಅವನಲ್ಲಿ ಆಗಲೇ ಬೇರು ಬಿಟ್ಟಿತು.

ದೇಶದಲ್ಲಿ ಹೊಸ ರಾಜ್ಯ ಹುಟ್ಟಿದಾಗಲೆಲ್ಲ ಅವನ ಮನೆಯಲ್ಲಿ ಗದ್ದಲ. ಛತ್ತೀಸಗಡ, ಝಾರ್ಖಂಡ, ಉತ್ತರಾಖಂಡ ಮೂರೂ ಒಟ್ಟಿಗೆ ಹುಟ್ಟಿದ ವರ್ಷ ಧಾಟಿ ಪೂರ್ತಿ ಕೆಟ್ಟು, ಎಂಟು ದಿನ ಮನೆಯಲ್ಲಿ ರೂಢಿ ಮಾಡಿದ್ದ. ತೆಲಂಗಾಣ ಬಂದಾಗ ಬುಶ್ರಾ ಹೈಸ್ಕೂಲು ಮುಗಿಸಿದ್ದಳು. ಅದನ್ನು ಸತ್ತೂರಿನಲ್ಲಿ ಎಲ್ಲಿ ಕೂಡಿಸಬೇಕೆಂದು ಅಪ್ಪ ಮಗಳು ತಟ್ಟೆ ಬಡಿಯುತ್ತ ಹೊಂದಿಸಿದ್ದರು. ಹಾಜರಾಬಿ, ಅವನ ಹೆಂಡತಿ, ಸೀರೆಗಳಿಗೆ ಮಣಿ ಹಚ್ಚುವ ಕೆಲಸದವಳು, ಈ ಗದ್ದಲದಲ್ಲಿ ಸೂಜಿ ಬೆರಳಿಗೆ ಚುಚ್ಚಿಕೊಂಡು, ಇವರಿಗೆ ಹೊಸ ರಾಜ್ಯ ಕೊಡುವುದನ್ನು ಸರಕಾರ ಯಾವಾಗ ನಿಲ್ಲಿಸುತ್ತದೋ ಎಂದು ಬೈಯುತ್ತಿದ್ದಳು.

ಗುರುಶಿದ್ದಪ್ಪ ಜಿಪುಣ. ರಾಜ್ಯ ಬದಲಾಯಿತೆಂದು ಪುಸ್ತಕ ಹೊಸದಾಗಿ ಅಚ್ಚು ಹಾಕಿಸುವ ಪೈಕಿಯವನಲ್ಲ. ಬೆರಳಗಲದ ಚೀಟಿ ಅಚ್ಚು ಹಾಕಿಸಿ ಕಳಿಸುತ್ತಿದ್ದ, ಹಳೆಯ ಸಾಲಿನ ಮೇಲೆ ಅದನ್ನು ಹಚ್ಚಿ ಮಾರಬೇಕು. ಮೈದಾಹಿಟ್ಟಿನ ಅಂಟು ಕುದಿಸಿ, ಚಾಪೆಯ ಮೇಲೆ ಪುಸ್ತಕ ಹರವಿಕೊಂಡು ಗಂಡ ಹೆಂಡತಿ ಹಚ್ಚುತ್ತಿದ್ದರು. ಎರಡು ಸಾವಿರದ ಇಪ್ಪತ್ತನೆಯ ಇಸವಿ, ಫೆಬ್ರವರಿ ತಿಂಗಳು, ಹಾಗೇ ಒಂದು ಚೀಟಿಯ ಕಟ್ಟು ಬಂತು. ದಾದ್ರಾ ನಗರ ಹವೇಲಿಯನ್ನೂ ದಮನ್ ದೀವನ್ನೂ ಕೂಡಿಸಿ ಒಂದೇ ಮಾಡಿದ್ದರು, ಎರಡಕ್ಕೂ ಸೇರಿ ರಾಜಧಾನಿ ದಮನ್. ಸಿಲ್ವಾಸಾ ಹೋಯಿತು. ಇಬ್ಬರೂ ನಾಲ್ಕು ದಿನ ಕೂತು ನೂರಾರು ಪುಸ್ತಕಕ್ಕೆ ಚೀಟಿ ಹಚ್ಚಿದರು. ಕೊನೆಗೆ ಹಾಜರಾಬಿ ಎದ್ದು ಗೂಡಿನಲ್ಲಿದ್ದ ಬುಶ್ರಾಳ ಪುಸ್ತಕ ತಂದಳು. ರಟ್ಟು ಹೋಗಿ, ಅಂಚು ನುಣುಪಾಗಿ, ಮಗಳು ಸಣ್ಣಂದಿನಿಂದ ಇಟ್ಟುಕೊಂಡಿದ್ದ ಪುಸ್ತಕ. ಇದಕ್ಕೂ ಒಂದು ಹಚ್ಚಿಬಿಡಿ, ಅಂಟು ಉಳಿದಿದೆ ಎಂದಳು.

"ಆಕಿಗ್ಯಾಕ ಚೀಟಿ?" ಎಂದ ಕಮರುದ್ದೀನ. "ಚೀಟಿ ಮಂದಿಗೆ. ನನ್ನ ಮಗಳ ತಲ್ಯಾಗ ಎಲ್ಲಾ ಐತಿ."

ಧಾಟಿಯನ್ನೂ ಅವನು ಬದಲಿಸಲಿಲ್ಲ. "ದಮನ್" ಎಂಬುದು ಎಳೆಯಲು ಬರುವುದಿಲ್ಲ, ನವಲೂರಿನ ಬ್ರೇಕಿಗೆ ಕೂಡುವುದಿಲ್ಲ, ಎಂಟು ದಿನ ಕೂರಬೇಕು, ಮಾರ್ಚಿನಲ್ಲಿ ನೋಡೋಣ ಎಂದು ಬಿಟ್ಟ. ಅಲ್ಲಿಯ ತನಕ ಬಾಯಲ್ಲಿ ಸಿಲ್ವಾಸಾ, ಕೈಯಲ್ಲಿ ಚೀಟಿ ಹಚ್ಚಿದ ಪುಸ್ತಕ. ಹೀಗೂ ಒಂದು ತಿಂಗಳು ಮಾರಿದ. ಮಾರ್ಚಿನಲ್ಲಿ ಏನಾಯಿತೆಂದು ನಿಮಗೆ ಹೇಳಬೇಕಾಗಿಲ್ಲ. ಬಸ್ಸು ನಿಂತವು, ಊರು ನಿಂತಿತು, ಜನ ಒಬ್ಬರು ಮುಟ್ಟಿದ ಕಾಗದವನ್ನು ಇನ್ನೊಬ್ಬರು ಮುಟ್ಟದ ಕಾಲ ಬಂತು. ಮತ್ತೆ ಬಸ್ಸು ಓಡಲು ಶುರುವಾದಾಗ ಎಲ್ಲರ ಕಿವಿಯಲ್ಲಿ ಬಿರಟೆ ಇಟ್ಟ ಹಾಗೆ ವೈರು, ಕಣ್ಣು ಫೋನಿನಲ್ಲಿ. ರಾಜಧಾನಿ ಬೇಕಾದವನು ಫೋನನ್ನು ಕೇಳುತ್ತಿದ್ದ. ರಸ್ತೆಯ ನಡುವೆ ತನ್ನದೇ ದಾರಿಯಲ್ಲಿ ಓಡುವ ಚಿಗರಿ ಎಂಬ ಹೊಸ ಬಸ್ಸು ಮೊದಲೇ ಬಂದಾಗಿತ್ತು. ಅದರ ಬಾಗಿಲು ತಾನೇ ತೆರೆದು ತಾನೇ ಮುಚ್ಚುತ್ತದೆ, ಓಡುವ ಬಸ್ಸಿಗೆ ನೇತು ಬಿದ್ದು ಹತ್ತುವ ಮಾತೇ ಇಲ್ಲ. ಆ ಬಸ್ಸಿಗೆ ಜನ್ಮದಲ್ಲಿ ಕಾಲಿಡುವುದಿಲ್ಲ ಎಂದು ಕಮರುದ್ದೀನ ಆಣೆ ಮಾಡಿದ. ಬಸ್ಸಿಗೆ ಅದರಿಂದ ಏನೂ ಆಗಲಿಲ್ಲ. ಅವನು ಕಟ್ಟು ಹೊತ್ತು ಧಾರವಾಡದ ಸಪ್ತಾಪುರದಲ್ಲಿ, ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಗುಂಪುಗುಂಪಾಗಿ ಅಡ್ಡಾಡುವ ರಸ್ತೆಯ ಬದಿಗೆ, ಒಂದು ಗೋಣಿತಟ್ಟು ಹಾಸಿ ಕೂತ. ಅಲ್ಲಿ ಕೂಗುವ ಹಾಗಿರಲಿಲ್ಲ, ಓದುವವರಿಗೆ ತೊಂದರೆಯಂತೆ. ಅಂದಿನಿಂದ ಅವನ ಧಾಟಿ ಗಂಟಲಿನಿಂದ ಹೊರಗೆ ಬರಲಿಲ್ಲ. ಅದರಲ್ಲಿ ಸಿಲ್ವಾಸಾ ಹಾಗೇ ಉಳಿಯಿತು.

ಬುಶ್ರಾ ಅಷ್ಟರಲ್ಲಿ ಬಿ.ಎ. ಮುಗಿಸಿ ಪೊಲೀಸ್ ಪರೀಕ್ಷೆಗೆ ಬಿದ್ದಿದ್ದಳು. ಪೊಲೀಸ್ ಆಗಬೇಕೆಂಬುದು ಅವಳದೇ ಆಸೆ, ಯಾರೂ ಹೇಳಿಕೊಟ್ಟಿದ್ದಲ್ಲ. ಬೆಳಿಗ್ಗೆ ಐದೂವರೆಗೆ ನೆಹರೂ ಮೈದಾನದಲ್ಲಿ ಓಟ. ಹಾಜರಾಬಿ ಮೆಟ್ಟಿಲ ಮೇಲೆ ಮಗಳ ದುಪಟ್ಟಾ ಹಿಡಿದು ಕೂತು ಸುತ್ತು ಎಣಿಸುತ್ತಿದ್ದಳು. ಆಮೇಲೆ ಧಾರವಾಡಕ್ಕೆ ಹೋಗಿ ಸಂಜೆಯ ತನಕ ಓದು. ಎರಡು ಸಲ ಪರೀಕ್ಷೆ ಬರೆದಳು, ಎರಡು ಸಲ ಹತ್ತಿರ ಬಂದು ತಪ್ಪಿತು. ಮೂರನೆಯದಕ್ಕೆ ಅರ್ಜಿ ಹಾಕುವಾಗ ಇಪ್ಪತ್ತೇಳು ತುಂಬುವುದಕ್ಕೆ ಒಂದು ತಿಂಗಳು ಬಾಕಿ. ವಯಸ್ಸಿನ ಮಿತಿ ಅದೇ. ಇದು ಹೋದರೆ ಹೋಯಿತು, ಇನ್ನು ಆ ಬಾಗಿಲಿಲ್ಲ. ಮನೆಯಲ್ಲಿ ಮೂವರಿಗೂ ಅದು ಗೊತ್ತಿತ್ತು, ಮೂವರೂ ಅದನ್ನು ಬಾಯಿ ಬಿಟ್ಟು ಆಡುತ್ತಿರಲಿಲ್ಲ.

ಪರೀಕ್ಷೆ ಮುಗಿಸಿ ಬಂದ ದಿನ ಬುಶ್ರಾಳ ಮುಖ ಚೆನ್ನಾಗಿತ್ತು. ಲೆಕ್ಕ ಸಲೀಸು, ಕಾನೂನು ಸಲೀಸು, ಭೂಗೋಳವಂತೂ ಮನೆಯದೇ ಎಂದಳು. ಕಮರುದ್ದೀನ ಅಂದು ಬಿರಿಯಾನಿ ಕಟ್ಟಿಸಿಕೊಂಡು ಬಂದ. ಒಂದು ತಪ್ಪಿಗೆ ಕಾಲು ಅಂಕ ಕಳೆಯುತ್ತಾರೆ ಎಂಬುದು ಊಟದ ನಡುವೆ ಬಂತು. ತಪ್ಪು ಮಾಡಿದವರಿಗೆ ತಾನೇ ಎಂದು ನಕ್ಕ.

ಪಟ್ಟಿ ಬಂದಾಗ ಅದರಲ್ಲಿ ಬುಶ್ರಾಳ ಹೆಸರಿರಲಿಲ್ಲ. ಮುಕ್ಕಾಲು ಅಂಕಕ್ಕೆ ನಿಂತಿತ್ತು. ಆಗಲಿಲ್ಲ ಎಂದಷ್ಟೇ ಹೇಳಿ, ಹಿತ್ತಲಿಗೆ ಹೋಗಿ, ಆಗಲೇ ತೊಳೆದಿಟ್ಟ ಪಾತ್ರೆಗಳನ್ನು ಇನ್ನೊಮ್ಮೆ ತೊಳೆದಳು. ಕಮರುದ್ದೀನ ಆ ವಾರವೆಲ್ಲ ಕಂಡವರ ಮೇಲೆ ಹರಿಹಾಯ್ದ. ಪ್ರಶ್ನೆ ತೆಗೆದವರನ್ನು ಬೈದ, ಸರಕಾರವನ್ನು ಬೈದ, ಮುಕ್ಕಾಲು ಎಂಬ ಅಂಕ ಕಂಡುಹಿಡಿದವನ ವಂಶವನ್ನೇ ಬೈದ. ಬೈಯುವವನಿಗೆ ಒಂದು ಸುಖ ಇರುತ್ತದೆ, ತಪ್ಪು ಎಲ್ಲೋ ದೂರ ಇದೆ ಎಂಬ ಸುಖ. ಅದು ಅವನಿಗೆ ಹತ್ತು ದಿನ ಸಿಕ್ಕಿತು.

ಹನ್ನೊಂದನೆಯ ದಿನ ಪ್ರಭಾವತಿ ಬಂದಳು. ಕುಂದಗೋಳ ಕಡೆಯ ರೈತರ ಹುಡುಗಿ, ಸಪ್ತಾಪುರದಲ್ಲಿ ಖೋಲಿ ಹಿಡಿದು ಬುಶ್ರಾಳ ಜೊತೆಯಲ್ಲೇ ಓದಿದವಳು. ಅವಳ ಹೆಸರು ಪಟ್ಟಿಯಲ್ಲಿತ್ತು. ಗೋಣಿತಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಫೇಡೆಯ ಡಬ್ಬಿ ತೆರೆದು ಹಿಡಿದಳು. ಬುಶ್ರಾಳಿಗೆ ಹೇಗೆ ಮುಖ ತೋರಿಸಲಿ ತಿಳಿಯುತ್ತಿಲ್ಲ ಕಾಕಾ, ಅದಕ್ಕೆ ಮನೆಗೆ ಬರಲಿಲ್ಲ ಎಂದಳು. ಕಮರುದ್ದೀನ ದೊಡ್ಡ ಮನಸ್ಸು ಮಾಡಿ ಒಂದು ಫೇಡೆ ತೆಗೆದುಕೊಂಡ, ದೇವರು ಒಳ್ಳೆಯದು ಮಾಡಲಿ ಎಂದ. ಹುಡುಗಿ ಅಷ್ಟಕ್ಕೆ ಎದ್ದು ಹೋಗಬಾರದಿತ್ತೇ? ಹೋಗಲಿಲ್ಲ. ಉಪಕಾರ ನೆನೆಯಬೇಕೆಂದು ಕೂತಳು.

"ನಿಮ್ಮ ಚೀಟಿನ ನಂಗ ನೌಕರಿ ಕೊಡಸ್ತು ಕಾಕಾ," ಎಂದಳು. "ದಾದ್ರಾ ನಗರ ಹವೇಲಿದು ಬಂದಿತ್ತು. ನಿಮ್ಮ ಪುಸ್ತಕದಾಗ ಆ ಚೀಟಿ ಸೊಟ್ಟ ಹಚ್ಚಿದ್ರಿ. ಓದುಮುಂದ ಅದರ ತುದಿ ಉಗುರಿಂದ ಕೆರಕೋತ ಕೂಡತಿದ್ದೆ. ಅದಕ್ಕ ನೆನಪು ಉಳೀತು, ದಮನ್ ಅಂತ. ನಂದೂ ಭಾಳ ಅಂಚಿನ್ಯಾಗ ಇತ್ತು, ಆ ಒಂದು ಬರಲಿಲ್ಲಂದ್ರ ನಾನೂ ಹೊರಗ."

ಫೇಡೆ ಅವನ ಬಾಯಲ್ಲಿ ಹಾಗೇ ನಿಂತಿತು. ಪ್ರಭಾವತಿ ಕಾಲಿಗೆ ನಮಸ್ಕಾರ ಮಾಡಿ ಹೋದಳು. ಅವನು ಹೊತ್ತು ಮೂರಾಗುವ ಮುಂಚೆಯೇ ಕಟ್ಟು ಕಟ್ಟಿದ.

ಮನೆಗೆ ಬಂದಾಗ ಬುಶ್ರಾ ನೀರು ತರಲು ಹೋಗಿದ್ದಳು. ಅವಳ ಟ್ರಂಕಿನ ಮೇಲೆ ಪುಸ್ತಕಗಳ ಅಡಿಯಲ್ಲಿ ಪ್ರಶ್ನೆಪತ್ರಿಕೆ ಸಿಕ್ಕಿತು. ತಾನು ತುಂಬಿದ ಉತ್ತರಗಳ ಎದುರು ಅವಳು ಸಣ್ಣ ಚುಕ್ಕೆ ಇಟ್ಟುಕೊಂಡಿದ್ದಳು. ಎಪ್ಪತ್ತಮೂರನೆಯ ಪ್ರಶ್ನೆ. ನಾಲ್ಕು ಊರು ಕೊಟ್ಟಿದ್ದರು. ಚುಕ್ಕೆ ಸಿಲ್ವಾಸಾದ ಮುಂದಿತ್ತು. ಬರಬೇಕಾದ ಒಂದು ಅಂಕ ಹೋಯಿತು, ತಪ್ಪಿಗೆ ಕಾಲು ಹೋಯಿತು, ಒಂದೂಕಾಲು. ಅವಳಿಗೆ ಬೇಕಾಗಿದ್ದದ್ದು ಮುಕ್ಕಾಲು. ಕಮರುದ್ದೀನ ಗೂಡಿಗೆ ಕೈಹಾಕಿ ರಟ್ಟಿಲ್ಲದ ಹಳೆಯ ಪುಸ್ತಕ ತೆಗೆದ. ಆ ಪುಟ ತಾನಾಗಿಯೇ ತೆರೆಯಿತು. ಚೀಟಿ ಇರಲಿಲ್ಲ.

ಬುಶ್ರಾ ಕೊಡ ಇಳಿಸಿ ಒಳಗೆ ಬಂದು, ಅಬ್ಬಾನ ಕೈಯಲ್ಲಿದ್ದುದನ್ನು ನೋಡಿ, ಬಾಗಿಲಲ್ಲೇ ನಿಂತಳು. ಅವನು ಆ ಪುಟವನ್ನು ಅವಳ ಕಡೆ ತಿರುಗಿಸಿದ.

"ದಮನ್ ಅನ್ನೋದು ನಿಂಗ ಗೊತ್ತಿರಲಿಲ್ಲೇನು ಬೇಟಾ?"

"ಗೊತ್ತಿತ್ತು," ಎಂದಳು ಬುಶ್ರಾ. ಕೈ ಒರೆಸಿಕೊಂಡಳು. ಹೇಳಬೇಕೋ ಬೇಡವೋ ಎಂದು ಅವಳು ತೂಗಿ ನೋಡುತ್ತಿದ್ದುದು ಅವನಿಗೆ ಕಂಡಿತು, ಬೇಡ ಎನ್ನಬೇಕೆನಿಸಿತು, ಎನ್ನಲಿಲ್ಲ. "ನೋಟ್ಸಿನ್ಯಾಗ ಓದಿದ್ದೆ. ಆದ್ರ ಆ ಪ್ರಶ್ನಿ ನೋಡಿದ ಕೂಡಲೇ ಬಸ್ಸಿನ್ಯಾಗ ಕುಂತಂಗಾತು ಅಬ್ಬಾ. ನವಲೂರು ಬಂತು, ಬ್ರೇಕ್ ಬಿತ್ತು. ನಿಮ್ಮ ದನಿ ಕೇಳಿಸ್ತು. ನೋಟ್ಸು ತಪ್ಪಿರಬಹುದು, ಅಬ್ಬಾ ತಪ್ಪಂಗಿಲ್ಲ ಅಂತ ತುಂಬಿದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಕೀ ಉತ್ತರ ಬಂದ ದಿನದಿಂದ ಅವಳಿಗೆ ಇದು ಗೊತ್ತಿತ್ತು, ಹೇಳದೆ ನುಂಗಿಕೊಂಡಿದ್ದಳು. ಅವನು ಮುಕ್ಕಾಲಿನ ವಂಶ ಬೈಯುತ್ತಿದ್ದ ಹತ್ತು ದಿನವೂ ಅವನಿಗೆ ರೊಟ್ಟಿ ಬಡಿಸಿದ್ದಳು. ಒಳಗಿನಿಂದ ಹಾಜರಾಬಿ, ಮಣಿ ಪೋಣಿಸಿದ ಸೂಜಿ ಹಿಡಿದುಕೊಂಡೇ, ಹೊಸ್ತಿಲಿಗೆ ಬಂದು ನಿಂತು ಎಲ್ಲ ಕೇಳಿಸಿಕೊಂಡಳು. ಅಂದು ಅಂಟು ಉಳಿದಿದೆ ಎಂದವಳು ಅವಳು. ಆ ಮಾತನ್ನು ಅವಳು ಈಗ ಎತ್ತುತ್ತಾಳೆ ಎಂದು ಕಮರುದ್ದೀನ ಕಾದ. ಎತ್ತಿದ್ದರೆ ಛಲೋ ಇತ್ತು, ಎದುರು ವಾದಿಸಬಹುದಿತ್ತು, ಕೂಗಾಡಬಹುದಿತ್ತು. ಅವಳು ಅವನ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು.

ಆಮೇಲೆ ಅವನು ಏನೇನೋ ಮಾಡಿ ನೋಡಿದ. ಸಪ್ತಾಪುರದ ಕೋಚಿಂಗಿನ ಸರ್ ಒಬ್ಬರ ಹತ್ತಿರ ಹೋಗಿ, ಆ ಪ್ರಶ್ನೆಗೆ ಆಕ್ಷೇಪಣೆ ಹಾಕಲು ಬರುತ್ತದೆಯೇ ಎಂದು ಕೇಳಿದ. ಉತ್ತರ ಸರಿ ಇರುವಾಗ ಯಾತರ ಆಕ್ಷೇಪಣೆ ಕಾಕಾ ಎಂದರು ಅವರು. ವಯಸ್ಸಿಗೆ ರಿಯಾಯಿತಿ ಸಿಗುತ್ತದೇನೋ ಎಂದು ಕೇಳಿದ. ಸಿಗಬೇಕಾದ ರಿಯಾಯಿತಿ ಆಗಲೇ ಸಿಕ್ಕು ಇಪ್ಪತ್ತೇಳಾಗಿತ್ತು. ಬೇರೆ ಪರೀಕ್ಷೆ ಬರಿ, ಗುಮಾಸ್ತೆಯದಿದೆ, ಇನ್ನೊಂದಿದೆ ಎಂದು ಮಗಳಿಗೆ ಹೇಳಿದಾಗ ಬುಶ್ರಾ ತಲೆಯಾಡಿಸಿದಳು. ಇನ್ನು ಓದಲು ಕೂತರೆ ಎಲ್ಲದರಲ್ಲೂ ಬಸ್ಸಿನ ಸಪ್ಪಳ ಕೇಳುತ್ತದೆ, ನನ್ನಿಂದ ಆಗುವುದಿಲ್ಲ ಎಂದಳು. ನೆಹರೂ ಮೈದಾನಕ್ಕೆ ಹೋಗುವುದನ್ನೂ ಬಿಟ್ಟಳು. ಓಟದ ಬೂಟು ಅಟ್ಟಕ್ಕೆ ಹೋಯಿತು.

ಎರಡು ತಿಂಗಳಿಗೆ ಅವಳೇ ಒಂದು ಕೆಲಸ ಹುಡುಕಿಕೊಂಡಳು. ಧಾರವಾಡದ ಲಕಮನಹಳ್ಳಿಯಲ್ಲಿ ಒಂದು ಸಣ್ಣ ಕಾರಖಾನೆ, ಟಾನಿಕ್ ತಯಾರಿಸುವುದು. ಬಾಟಲಿಗಳಿಗೆ ಚೀಟಿ ಹಚ್ಚುವ ಕೆಲಸ. ಹೌದು, ಚೀಟಿಯೇ. ಕೇಳಿದಾಗ ಕಮರುದ್ದೀನ ತಲೆ ತಗ್ಗಿಸಿದ್ದು ಮಗಳು ನೋಡಿದಳೋ ಇಲ್ಲವೋ, ತಾನು ಬೆಳಿಗ್ಗೆ ಎಂಟೂವರೆಗೆ ಅಲ್ಲಿರಬೇಕು, ಚಿಗರಿಯಲ್ಲಿ ಹೋದರೆ ಲಗೂ ಮುಟ್ಟುತ್ತದೆ ಎಂದಷ್ಟೇ ಹೇಳಿದಳು.

ಮೊದಲ ದಿನ ಅವನೂ ಜೊತೆಗೆ ಹೊರಟ. ಹೇಗೂ ಸಪ್ತಾಪುರಕ್ಕೆ ಹೋಗಬೇಕಲ್ಲ ಎಂದು ನೆಪ ಹೇಳಿ, ಕಟ್ಟು ಹೆಗಲಿಗೇರಿಸಿ, ಆಣೆ ಮುರಿದು ಆ ಬಸ್ಸು ಹತ್ತಿದ. ಒಳಗೆ ತಣ್ಣಗಿತ್ತು. ಕಿಟಕಿಗಳಿಗೆ ಗಾಜು, ಉಣಕಲ್ ಕೆರೆಯ ಗಾಳಿ ಬರುವ ಹಾಗಿಲ್ಲ. ಬುಶ್ರಾ ಕಿಟಕಿಯ ಬದಿಗೆ ಕೂತಳು, ಅವನು ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ. ಯಾರೂ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಮೇಲಿನಿಂದ ಒಂದು ಯಂತ್ರದ ಹೆಣ್ಣುದನಿ ಮಾತ್ರ ಒಂದೊಂದೇ ನಿಲ್ದಾಣದ ಹೆಸರು ಹೇಳುತ್ತ ಹೋಯಿತು. ವಿದ್ಯಾನಗರ ಎಂದಿತು. ಉಣಕಲ್ ಎಂದಿತು. ಪಾಟ್ನಾ ಎಂದು ತನ್ನ ತಲೆಯಲ್ಲಿ ಬಂದದ್ದು ಮಗಳ ತಲೆಯಲ್ಲೂ ಬಂದಿರುತ್ತದೆಂದು ಅವನಿಗೆ ಗೊತ್ತಿತ್ತು. ರಾಯಾಪುರ ಎಂದಿತು, ನಾಲ್ಕು ಜನ ಮುಖ ಸೊಟ್ಟ ಮಾಡಿಕೊಳ್ಳದೆ ಇಳಿದರು. ಸತ್ತೂರು ದಾಟಿತು.

"ಮುಂದಿನ ನಿಲ್ದಾಣ ನವಲೂರು" ಎಂದಿತು ಆ ದನಿ.

ಅವನು ಬೇಕೆಂದು ಮಾಡಲಿಲ್ಲ. ಬೆರಳು ತಾನಾಗಿಯೇ ಮೇಲಿನ ಪುಸ್ತಕದ ರಟ್ಟನ್ನು ತಟ್ಟಿದವು, ಐದು ವರ್ಷದಿಂದ ಮುಚ್ಚಿದ್ದ ಗಂಟಲು ಮೆಲ್ಲಗೆ ಬಿಚ್ಚಿತು. ದಾದ್ರಾ ನಗರ ಹವೇಲಿ, ದಮನ್ ದೀವ್, ಎಂದು ಬಂದು, ಬ್ರೇಕ್ ಬೀಳುವುದಕ್ಕೂ ಅವನ ಬಾಯಿಂದ "ದಮನ್" ಎಂದು ಬೀಳುವುದಕ್ಕೂ ಸರಿಯಾಯಿತು. ಎಲ್ಲೂ ತೊಡರಲಿಲ್ಲ. ಎಂಟು ದಿನ ಬೇಕು ಎಂದು ಬಿಟ್ಟಿದ್ದ ಸಾಲು, ಒಂದು ಗಳಿಗೆಯಲ್ಲಿ, ಒಂದೇ ಸಲಕ್ಕೆ, ಅಷ್ಟು ಸಲೀಸಾಗಿ ಕೂತುಬಿಟ್ಟಿತು.

ಬುಶ್ರಾ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಹೊರಗೆ ಪೇರಲ ಹಣ್ಣಿನ ಬುಟ್ಟಿ ಇಟ್ಟುಕೊಂಡ ಹೆಂಗಸರು ರಸ್ತೆಯ ಆಚೆ ಕೂತಿದ್ದರು. ಈ ಬಸ್ಸಿಗೆ ಅವರೂ ಹತ್ತುವುದಿಲ್ಲ.

"ಕೂಡತೈತಲ್ಲ ಅಬ್ಬಾ," ಎಂದಳು.

ಸ್ವಲ್ಪ ಹೊತ್ತಿಗೆ ಅವಳು ಎದ್ದು, ಡಬ್ಬಿಯ ಚೀಲ ಹೆಗಲಿಗೆ ಹಾಕಿಕೊಂಡು, ಅವನ ಮೊಣಕಾಲು ದಾಟಿ ಬಾಗಿಲ ಹತ್ತಿರ ಹೋಗಿ ನಿಂತಳು. ಲಕಮನಹಳ್ಳಿಯಲ್ಲಿ ಇಳಿದಳು. ಅವಳ ಹಿಂದೆ ಬಾಗಿಲು ತಾನೇ ಮುಚ್ಚಿತು. ಟೋಲ್ ನಾಕಾದಲ್ಲಿ ಕರ್ನಾಟಕ ಬರಬೇಕಿತ್ತು, ಕಮರುದ್ದೀನ ಕಟ್ಟನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡು ಸುಮ್ಮನೆ ಕೂತಿದ್ದ.